ಹಗೆತನಕ್ಕೊಂದು ಸ್ವಂತ ವಾಕ್ಯ

ಬೆಟಗೇರಿ
೧೮ ನವೆಂಬರ್ ೨೦೨೪, ಸೋಮವಾರ

ಹಮ್ಮಿಗಿಯ ಗೆಳತಿ ದೇವವ್ವಗೆ ಬನಶಂಕರೆವ್ವನ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮೊಣಕಾಲು ಹೇಗಿದೆ? ಶ್ರಾವಣದಿಂದ ಮಾತು ಬಿಟ್ಟವಳು ಈಗ ಬರೆಯುತ್ತಿದ್ದಾಳಲ್ಲ ಎಂದು ಮೂಗು ಮುರಿಯಬೇಡ. ತಡವಾದದ್ದಕ್ಕೆ ಕ್ಷಮೆ ಗಿಮೆ ಕೇಳುವವಳಲ್ಲ ನಾನು. ಫೋನ್ ಮಾಡಿದರೆ ನಾನೇ ಮೊದಲು ಮಾತಾಡಿದಂತಾಗುತ್ತದೆ. ಪತ್ರಕ್ಕೆ ಆ ಸೋಲಿಲ್ಲ.

ಆದದ್ದಿಷ್ಟು. ಮೊಮ್ಮಗಳು ಅಂಕಿತಾಗೆ ಶಾಲೆಯಲ್ಲಿ 'ಹಗೆತನ' ಶಬ್ದದ ಅರ್ಥ ಬರೆದು, ಸ್ವಂತ ವಾಕ್ಯ ಮಾಡಿಕೊಂಡು ಬಾ ಎಂದಿದ್ದರು. ಅವಳು ಬರೆದದ್ದು: 'ನಮ್ಮ ಅಜ್ಜಿಗೂ ಹಮ್ಮಿಗಿಯ ದೇವವ್ವಜ್ಜಿಗೂ ಒಂದು ಕುಬಸದ ಖಣದ ಸಲುವಾಗಿ ಹಗೆತನವಿದೆ.' ಮಾಸ್ತರರು ಅದನ್ನು ಇಡೀ ವರ್ಗಕ್ಕೆ ಓದಿ ಹೇಳಿ, ಹತ್ತಕ್ಕೆ ಹತ್ತು ಕೊಟ್ಟರಂತೆ! ಸಂಜೆಯೊಳಗೆ ಓಣಿಗೆಲ್ಲ ಖಬರು.

"ಏನ ಬರದೀಯವ್ವಾ? ಹಗೆತನ ಅಂದ್ರ ಗೊತ್ತೈತೇನ ನಿನಗ?" ಎಂದೆ.

"ಕೇಡು ಬಯಸಿ ಮೈಮ್ಯಾಲೆ ಏರಿ ಹೋಗೂದು. ನೀ ಫೋನಿನ್ಯಾಗ ಹಂಗ ಒದರಿದ್ಯಲ್ಲ!" ಎಂದಳು.

ಒದರಿದ್ದು ಖರೆ. ಶ್ರಾವಣದಲ್ಲಿ ನಿಮ್ಮೂರಿಂದ ಮನೆಗೆ ಬಂದು, ನೀನು ನನ್ನ ಉಡಿ ತುಂಬಿದ ರವಿಕೆ ಖಣದ ಮಡಿಕೆ ಬಿಚ್ಚಿದರೆ, ಎರಡು ವರ್ಷದ ಹಿಂದೆ ನಾನೇ ನೇಯ್ದು ನಿನ್ನ ಉಡಿಗೆ ಹಾಕಿದ್ದ ಖಣ! ಅಂಚಿನಲ್ಲಿ ಎಳೆ ತಪ್ಪಿದ ಗುರುತು ಹಾಗೇ ಇತ್ತು. ಫೋನ್ ಮಾಡಿ ಕೇಳಿದರೆ ನೀನು, "ಉಡಿ ಖಣ ಅಂದಮ್ಯಾಲ ಊರ ತಿರಗೂದ ಐತಿ, ಬಿಡ," ಎಂದು ನಕ್ಕೆ. ಮೈ ಉರಿಯದೇನು?

ಆದರೆ ಕೇಡು ಬಯಸಿದೆನೇ? ನಿಮ್ಮ ಕಡೆಯ ಮುಂಡರಗಿ ಬಸ್ಸಿನಿಂದ ಇಳಿದವರನ್ನೆಲ್ಲ ಹಿಡಿದು, "ಹಮ್ಮಿಗಿ ದೇವವ್ವನ ಮೊಣಕಾಲ ಹ್ಯಾಂಗೈತ್ರಿ?" ಎಂದು ಕೇಳುವವಳು ನಾನು. ಇದು ಹಗೆತನವೇ? ಅದನ್ನು ಹೊಡೆದುಹಾಕಿ 'ಮುನಿಸು' ಎಂದು ಬರೆ ಎಂದರೆ, ಅಂಕಿತಾ, "ಮಾರ್ಕ್ಸ್ ಹೋಗ್ತಾವು, ನಾ ತಿದ್ದಂಗಿಲ್ಲ. ನೀವ ಇಬ್ಬರೂ ಮಾತಾಡ್ರಿ," ಎನ್ನುತ್ತಾಳೆ.

ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ನಿನಗಿಲ್ಲ. ನೀನು ನನಗಿಂತ ಎರಡು ತಿಂಗಳು ದೊಡ್ಡವಳು.

ಇಂತಿ ನಿನ್ನ
ಬನಶಂಕರೆವ್ವ

ಬಿಟ್ಟುಹೋದ ಮಾತು: ಊರೆಲ್ಲ ಬಂದ ಖಣವನ್ನು ಇನ್ನೊಬ್ಬರ ಉಡಿಗೆ ತಿರುಗಿಸುತ್ತದೆ, ನಾನೂ ತಿರುಗಿಸುತ್ತೇನೆ. ನನ್ನ ಸಂಕಟ ಅದಲ್ಲ. ಅದು ನನ್ನ ಮಗ್ಗದ ಕೊನೆಯ ಖಣ. ಮರುದಿನವೇ ಮಗ್ಗ ಬಿಚ್ಚಿದರು. ಅಳುತ್ತ ನೇಯ್ದದ್ದಕ್ಕೇ ಆ ಎಳೆ ತಪ್ಪಿದ್ದು. ನೀನು ತೊಡಲೆಂದು ಕೊಟ್ಟೆ, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಈ ಪತ್ರದ ಜೊತೆಗೇ ಅದನ್ನು ಇಟ್ಟಿದ್ದೇನೆ. ಹೊಲಿಸಿ, ತೊಟ್ಟುಕೊಂಡು ಬಾ. ಅದು ಇನ್ನೊಮ್ಮೆ ನನ್ನ ಉಡಿಗೇ ಬಂದರೆ, ಅಂಕಿತಾಳ ವಾಕ್ಯ ತಿದ್ದುವುದು ಬೇಡ.