ಹೆಪ್ಸಿಬಾಳ ಸಹಿ

ಹೋಬಾರ್ಟ್, ಜೂನ್ ೧೪, ಶುಕ್ರವಾರ

ನಿನ್ನೆ ಹಳೇ ದಾಖಲೆಗಳಲ್ಲಿ ನೋಡಿದ ಆ ಸಹಿಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ೧೮೫೩ರಲ್ಲಿ ಇಂಗ್ಲೆಂಡಿನಿಂದ ಬಂದಿಳಿದ ನಮ್ಮ ಮೂಲಜ್ಜಿ ಹೆಪ್ಸಿಬಾ ಹಡಗಿನ ಕಾಗದದಲ್ಲಿ ಮುತ್ತು ಪೋಣಿಸಿದಂತೆ ಹೆಸರು ಬರೆದಿದ್ದಾಳೆ. ಇಪ್ಪತ್ತು ವರ್ಷದ ನಂತರ ಜಮೀನಿನ ಪತ್ರದಲ್ಲಿ ಬರೀ ಗೀಚು. ಕೊನೆಯ ಪತ್ರದಲ್ಲಿ ಹೆಬ್ಬೆಟ್ಟು.

"ಕುಡೀತಿದ್ಲಂತೆ ಕಣೇ, ಅದಕ್ಕೇ ಕೈ ನಡುಗ್ತಿತ್ತು. ನಮ್ಮಮ್ಮಂದೂ ಅದೇ ಚಟ," ಎಂದರು ಅಪ್ಪನ ತಂಗಿ ವಿನಿ ಅತ್ತೆ.

ಅಪ್ಪನೂ ನಡುಗಿ ನಡುಗಿಯೇ ಸತ್ತರು. ಕುಡಿಯುವುದಿಲ್ಲವೆಂದು ಚರ್ಚಿನಲ್ಲಿ ಆಣೆಯಿಟ್ಟು ಬದುಕಿದವರು, ಒಂದು ತೊಟ್ಟೂ ಮುಟ್ಟಿರಲಿಲ್ಲ.

ಬೆಳಿಗ್ಗೆ ನನ್ನ ಚಹಾ ಸಾಸರಿಗೆ ತುಳುಕಿತು. ಮಗಳು ಥಿಯಾ, ಐದು ತಿಂಗಳ ಬಸುರಿ, ಹೊಟ್ಟೆ ಹಿಡಿದುಕೊಂಡು ನಕ್ಕಳು: "ಏನಮ್ಮಾ, ಬೆಳಬೆಳಗ್ಗೇನೇ ಏರಿಸ್ಬಿಟ್ಯಾ?"

ನಾನೂ ನಕ್ಕೆ.

ಇದೇ ದಿನಚರಿಯ ಜನವರಿ ಪುಟ ತೆಗೆದು ನನ್ನ ಅಕ್ಷರ ಹೋಲಿಸಿದರೆ ಗೊತ್ತಾಗುತ್ತದೆ. ಇವತ್ತು ಬೇಡ. ಈ ಸಾಲೇ ಯಾಕೋ ಓರೆಯಾಗಿ