ಎಲೆ ಅಕ್ಕನ ಡಿಸ್ಕು

ಆಗಸ್ಟ್ 9, ಬೆಳಿಗ್ಗೆ 7.10

ಹತ್ತೊಂಬತ್ತು ಸೆಕೆಂಡ್! ಬಟನ್ ಒತ್ತಿ ಲಾಗಿನ್ ಬರುವವರೆಗೆ. ಮೊದಲು ಹಲ್ಲುಜ್ಜಿ ಬಂದರೂ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಇದು. ಗುಜರಿಗೆ ಹಾಕು ಅಂದಿದ್ದ. ಹೊಸ ಓಎಸ್ ಹಾಕಿದ ಮೇಲೆ ಫ್ಯಾನ್ ಕೂಡ ಗುಯ್ ಅನ್ನುವುದಿಲ್ಲ. ಇದನ್ನು ಬರೆದು ಪುಕ್ಕಟೆ ಬಿಟ್ಟುಕೊಟ್ಟ ಯಾರ್ಯಾರೋ ಪುಣ್ಯಾತ್ಮರಿಗೆ... ಥ್ಯಾಂಕ್ಸ್. ಅವರಿಗೆ ಕೇಳಿಸುವುದಿಲ್ಲ, ಆದರೂ.

ಅದರ ಕಪ್ಪು ಪರದೆಯನ್ನು ರೂಮ್‌ಮೇಟ್‌ಗೆ ತೋರಿಸಿದೆ. ಬಾಟನಿ ಎಂ.ಎಸ್ಸಿ. ಎಂಟು ತಿಂಗಳಿಂದ ಎಲೆಗಳ ಫೋಟೋ ತೆಗೆಯುವುದೇ ಕೆಲಸ. ಇಡೀ ಹಾಸ್ಟೆಲ್‌ಗೆ ಅವಳು ಎಲೆ ಅಕ್ಕ.

"ಏನೇ ಇದು, ಕರೆಂಟ್ ಹೋದ ಹಾಗಿದೆ!"

"ಟರ್ಮಿನಲ್ ಅಕ್ಕಾ. ಟೈಪ್ ಮಾಡಿದ್ರೆ ಸಾಕು, ಹೇಳಿದ್ದನ್ನ ಮಾಡುತ್ತೆ. ಎದುರು ಮಾತಾಡಲ್ಲ."

"ಹಾಗಾದ್ರೆ ನಿನಗಿಂತ ವಾಸಿ."

ಆಗಸ್ಟ್ 14

ಮೂರು ಜನ ಇನ್‌ಸ್ಟಾಲ್ ಮಾಡಿಕೊಡು ಎಂದು ಬಾಗಿಲು ತಟ್ಟಿದರು. ಒಬ್ಬಳು "ಡಾಕ್ಟ್ರೇ" ಅಂದಳು. ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲಿದ್ದೇನೆ. ಯಾರಾದರೂ ನನ್ನನ್ನು ಹುಡುಕಿಕೊಂಡು ಬಂದರೆ ಅದು ಬೈಯಲಿಕ್ಕೇ ಎಂದು ಮೈಗೆ ರೂಢಿಯಾಗಿಬಿಟ್ಟಿದೆ. ಕ್ಲಾಸಿನಲ್ಲಿ ಅಟೆಂಡೆನ್ಸ್ ಬಿಟ್ಟರೆ ಬಾಯಿ ಬಿಡದವಳು, ಇವತ್ತು ಅರ್ಧ ಗಂಟೆ ಮಾತಾಡಿದೆ. ಗಂಟಲು ಒಣಗಿತ್ತು. ಖುಷಿಗೆ.

ಆಗಸ್ಟ್ 22, ಮಧ್ಯಾಹ್ನ 3.40

ನಡೆದದ್ದನ್ನು ಮೊದಲಿನಿಂದ ಸರಿಯಾಗಿ ಬರೆಯಬೇಕು.

ಎದುರು ರೂಮಿನವಳಿಗೆ ಇನ್‌ಸ್ಟಾಲರ್ ಪೆನ್‌ಡ್ರೈವ್ ಮಾಡಿಕೊಡುತ್ತಿದ್ದೆ. ಒಂದೇ ಸಾಲಿನ ಕಮಾಂಡ್, ಯಾವ ಡ್ರೈವ್ ಹೆಸರು ಕೊಡುತ್ತೇವೋ ಅದರ ಮೇಲೆಯೇ ಬರೆದುಬಿಡುತ್ತದೆ. ಪೆನ್‌ಡ್ರೈವ್‌ಗೆ ಈ ಓಎಸ್ ಕೊಡುವ ಹೆಸರು ಯಾವತ್ತೂ sdb ಎಂದೇ ಬರುತ್ತದೆ. ಬಾಯಿಪಾಠ. ನೋಡದೆ ಹೊಡೆದೆ. ಆದರೆ ಎಲೆ ಅಕ್ಕ ಬೆಳಿಗ್ಗೆ "ಯಾಕೋ ಸ್ಲೋ ಆಗಿದೆ, ನೋಡೇ" ಎಂದು ಎಲೆ ಫೋಟೋಗಳಿರುವ ತನ್ನ ಹಾರ್ಡ್ ಡಿಸ್ಕನ್ನು ನನ್ನ ಲ್ಯಾಪ್‌ಟಾಪ್‌ಗೆ ಚುಚ್ಚಿ ಹೋಗಿದ್ದಳು. ಇವತ್ತು ಅದೇ sdb. ಪೆನ್‌ಡ್ರೈವ್ sdc.

ಈ ಓಎಸ್ ಎದುರು ಮಾತಾಡಲಿಲ್ಲ.

ಡಿಸ್ಕ್ ತೆರೆದರೆ ಇನ್‌ಸ್ಟಾಲರ್ ಫೈಲ್‌ಗಳು. ಎಲೆ ಒಂದೂ ಇಲ್ಲ.

4.15

ಡಿಸ್ಕನ್ನು ಕಿತ್ತು ಅವಳ ಟೇಬಲ್ ಮೇಲೆ ಇಟ್ಟೆ, ವೈರ್ ಸುತ್ತಿ, ಮೊದಲಿನ ಹಾಗೆಯೇ. ಹಾಸ್ಟೆಲ್ ಕಲಿಸಿದ ಬುದ್ಧಿ: ಕೇಳುವವರೆಗೆ ಬಾಯಿ ಬಿಡಬೇಡ, ಕೇಳಿದರೆ ಗೊತ್ತಿಲ್ಲ ಅನ್ನು. ಡಿಸ್ಕ್ ಮೊದಲೇ ಸ್ಲೋ ಇತ್ತು, ತಾನಾಗಿ ಕೆಟ್ಟಿತು ಎಂದರೆ ನಂಬುತ್ತಾಳೆ.

ಆಮೇಲೆ ಒಂದು ಫೋರಂನಲ್ಲಿ ಓದಿದೆ. ಅಳಿಸಿಹೋಗಿರುವುದು ಮೊದಲ ಮೂರು ಜಿಬಿ ಮಾತ್ರ. ಉಳಿದದ್ದು ಇನ್ನೂ ಒಳಗಿದೆ, ಕಾಣುವುದಿಲ್ಲ ಅಷ್ಟೇ. ಆದರೆ ಇನ್ನು ಏನನ್ನೂ ಕಾಪಿ ಮಾಡಬಾರದು. ಅವಳು ಐದೂವರೆಗೆ ಬರುತ್ತಾಳೆ. ಬಂದ ತಕ್ಷಣ ಕ್ಯಾಮೆರಾದಲ್ಲಿರುವುದನ್ನು ಆ ಡಿಸ್ಕ್‌ಗೆ ಸುರಿಯುತ್ತಾಳೆ. ದಿನಾ ಅದೇ.

ಸುಮ್ಮನಿದ್ದರೆ ಪೂರ್ತಿ ಹೋಗುತ್ತದೆ.

6.00

ಹೇಳಿದೆ. ಬಾಗಿಲಲ್ಲೇ, ಅವಳು ಚಪ್ಪಲಿ ಬಿಡುವ ಮೊದಲೇ. ಅರ್ಧ ಇಂಗ್ಲಿಷ್, ಅರ್ಧ ಅಳು.

ಮಂಚದ ಮೇಲೆ ಕುಳಿತಳು. ಕ್ಯಾಮೆರಾ ಚೀಲ ಹೆಗಲಲ್ಲೇ ಇತ್ತು.

"ಎಷ್ಟು ಹೋಯ್ತು?"

"ಗೊತ್ತಿಲ್ಲ ಅಕ್ಕಾ."

"ಮುಂದಿನ ತಿಂಗಳು ಇಪ್ಪತ್ತಕ್ಕೆ ಥೀಸಿಸ್ ಕೊಡಬೇಕು. ಗೊತ್ತು ತಾನೇ?"

ತಲೆಯಾಡಿಸಿದೆ.

"ನೀನು ಹೇಳದೆ ಬೇರೆಯವರಿಂದ ಗೊತ್ತಾಗಿದ್ರೆ ಹಲ್ಲು ಉದುರಿಸ್ತಿದ್ದೆ. ಈಗ ಸ್ವಲ್ಪ ಹೊತ್ತು ನನ್ನ ಕಣ್ಣಿಗೆ ಬೀಳಬೇಡ."

ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಆಗಸ್ಟ್ 23, ಮಧ್ಯಾಹ್ನ

ಇಬ್ಬರೂ ಕಂಪ್ಯೂಟರ್ ಲ್ಯಾಬ್ ಸರ್ ಹತ್ತಿರ ಹೋದೆವು. ಡಿಸ್ಕನ್ನು ನನ್ನ ಕೈಗೆ ಕೊಡದೆ ಅಕ್ಕ ತಾನೇ ಹಿಡಿದುಕೊಂಡಳು. ಆದರೆ ಜೊತೆಗೇ ನಡೆದಳು.

"ಬ್ಯಾಕಪ್ ಎಲ್ಲಿದೆಯಮ್ಮ?"

"ಇದೇ ಬ್ಯಾಕಪ್ಪು, ಸರ್," ಅಂದಳು ಅಕ್ಕ.

"ಒರಿಜಿನಲ್?"

"ಲ್ಯಾಪ್‌ಟಾಪ್‌ನಲ್ಲಿ ಜಾಗ ಇರಲಿಲ್ಲ... ಬ್ಯಾಕಪ್ ಇದೆಯಲ್ಲ ಅಂತ ಡಿಲೀಟ್ ಮಾಡಿದೆ."

ಸರ್ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ಭೇಷ್. ಒಂದೇ ರೂಮಾ ನೀವಿಬ್ರೂ? ಹೇಳಿ ಮಾಡಿಸಿದ ಜೋಡಿ."

ಅಕ್ಕನಿಗೆ ನಗು ಬಂತು. ಪುಸಕ್ಕೆಂದು, ತಡೆಯಲಾರದೆ. ಆ ನಗುವಿಗೆ ಸರ್ ಕಾಲಿಗೆ ಬೀಳಬೇಕು ಅನ್ನಿಸಿತು.

ಕಳೆದ ಫೋಟೋ ಹೆಕ್ಕುವ ಟೂಲ್ ಕೂಡ ಇದೇ ಓಎಸ್‌ನಲ್ಲಿದೆ. ಅದೂ ಪುಕ್ಕಟೆ. ನನ್ನಂಥವಳು ಹಿಂದೆಯೂ ಒಬ್ಬಳಿದ್ದಳು, ಅವಳಿಗಾಗಿ ಯಾರೋ ಕುಳಿತು ಬರೆದರು — ಹಾಗಂದುಕೊಂಡೆ.

ಆಗಸ್ಟ್ 24, ಸಂಜೆ 4.30

2,140 ಫೋಟೋ ಸಿಕ್ಕಿದವು! 460 ಹೋದವು. ಆದರೆ ಸಿಕ್ಕಿದ್ದಕ್ಕೆ ಹೆಸರಿಲ್ಲ, ಬರೀ ಉದ್ದುದ್ದ ನಂಬರ್. ಯಾವ ಮರದ ಯಾವ ಎಲೆ?

ಅಕ್ಕ ಒಂದನ್ನು ದೊಡ್ಡದು ಮಾಡಿದಳು. ಮೂಲೆಯಲ್ಲಿ, ಸ್ಕೇಲಿನ ಪಕ್ಕ, ಒಂದು ಚೀಟಿ. ಮರದ ನಂಬರ್, ಕೊಂಬೆ, ತಾರೀಕು, ಪೆನ್ಸಿಲ್‌ನಲ್ಲಿ. ಎಲೆ ಇಟ್ಟಾಗಲೆಲ್ಲ ಚೀಟಿಯನ್ನೂ ಇಟ್ಟೇ ಫೋಟೋ ತೆಗೆಯುತ್ತಾರಂತೆ ಈ ಬಾಟನಿಯವರು.

"ನಿಮ್ಮ ಕಂಪ್ಯೂಟರ್ ನಂಬಿ ಯಾರೇ ಕೆಲಸ ಮಾಡ್ತಾರೆ?" ಅಂದಳು. "ನಾನು ಓದ್ತೀನಿ, ನೀನು ಹೆಸರು ಹಾಕು."

ಸೆಪ್ಟೆಂಬರ್ 11

ಹದಿನೆಂಟು ದಿನ ಡೈರಿ ಮುಟ್ಟಿಲ್ಲ. ಹೆಸರು ಹಾಕಿ ಮುಗಿಯಿತು. ಹೋದ 460ರ ಎಲೆಗಳು ಡಿಪಾರ್ಟ್‌ಮೆಂಟ್‌ನಲ್ಲಿ ಪೇಪರ್ ನಡುವೆ ಒಣಗಿಕೊಂಡು ಇನ್ನೂ ಇವೆ. ದಿನಾ ಬೆಳಿಗ್ಗೆ ಆರರಿಂದ ಎಂಟು ಮತ್ತೆ ಫೋಟೋ: ಅವಳು ಕ್ಯಾಮೆರಾ, ನಾನು ಚೀಟಿ. 38 ಎಲೆ ಪುಡಿಯಾಗಿವೆ. ಅವು ಹೋದವು, ನನ್ನಿಂದಲೇ. ಅಕ್ಕ ಥೀಸಿಸ್‌ನಲ್ಲಿ 38 ಕಡಿಮೆ ಎಂದೇ ಬರೆದಳು. ಕಾರಣ ಬರೆಯುವಾಗ ನನ್ನ ಕಡೆ ನೋಡಲಿಲ್ಲ. "ತಾಂತ್ರಿಕ ದೋಷ" ಅಂತ ಹಾಕಿದಳು.

ಇಷ್ಟು ದಿನ ಯಾರ ಪಕ್ಕವೂ ಕುಳಿತು ಕೆಲಸ ಮಾಡಿರಲಿಲ್ಲ ನಾನು.

ಸೆಪ್ಟೆಂಬರ್ 19, ಸಂಜೆ 5.20

ಥೀಸಿಸ್ ಕೊಟ್ಟು ಬಂದಳು. ಒಂದು ದಿನ ಮೊದಲೇ! ಬಂದವಳೇ ತನ್ನ ಲ್ಯಾಪ್‌ಟಾಪ್ ತಂದು ನನ್ನ ಟೇಬಲ್ ಮೇಲಿಟ್ಟಳು.

"ಇದಕ್ಕೂ ಹಾಕು, ಆ ನಿನ್ನ ಓಎಸ್."

"ನಾನಾ? ಬೇಡ ಅಕ್ಕಾ, ಪ್ಲೀಸ್... ಲ್ಯಾಬ್ ಸರ್ ಹತ್ತಿರ ಹಾಕಿಸಿಕೊಳ್ಳಿ."

"ಅವರು ಒಂದ್ಸಲನೂ ಕೆಡಿಸಿಲ್ಲ, ಅವರಿಗೇನು ಭಯ ಇರುತ್ತೆ? ನೀನಾದ್ರೆ ಹತ್ತು ಸಲ ನೋಡ್ತೀಯ."

ಹತ್ತಲ್ಲ, ಹನ್ನೆರಡು ಸಲ ನೋಡಿದೆ. ಎರಡು ಕಡೆ ಕಾಪಿ ಇಟ್ಟು, ಎರಡನ್ನೂ ತೆರೆದು ನೋಡಿ, ಆಮೇಲೆ ಎಂಟರ್. ಈಗ 61 ಪರ್ಸೆಂಟ್. ಅವಳು ನನ್ನ ಕುರ್ಚಿಯಲ್ಲಿ ಕಾವಲು, ನಾನು ಅವಳ ಮಂಚದ ಮೇಲೆ ಇದನ್ನು ಬರೆಯುತ್ತಾ. ಮತ್ತೆ ಕೆಡಿಸಿಬಿಡುತ್ತೇನೇನೋ ಎಂಬ ಭಯ ಇದೆ, ಇಲ್ಲ ಎಂದಲ್ಲ. ಆದರೆ

ಕರೆಯುತ್ತಿದ್ದಾಳೆ. "ಬಾರೇ, ಪಾಸ್‌ವರ್ಡ್ ಕೇಳ್ತಿದೆ. ನಿಂಗೂ ನೆನಪಿರೋ ಅಂಥದ್ದೇ ಒಂದು ಹೇಳು."

ನನಗೂ ಅಂತೆ. ನನಗೂ —