ಮಾವನವರು ನಗುತ್ತಿದ್ದ ಜಾಗಗಳು

ಮಾವನವರೇ,

ಮೊದಲು ‘ಪೂಜ್ಯ’ ಎಂದು ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ. ಪೂಜ್ಯರ ಎದುರು ಸೊಸೆಯಾದವಳು ಬಾಯಿಬಿಟ್ಟು ನಗಬಾರದು. ನಾನು ನಿಮ್ಮ ಜೊತೆ ಇಷ್ಟು ವರ್ಷ ನಕ್ಕಿದ್ದೇನೆ. ಅದಕ್ಕೇ ಬರೀ ಮಾವನವರೇ. ಸಿಟ್ಟಾಗಬೇಡಿ.

ನೀವು ಮೊದಲ ಸಲ ನಕ್ಕದ್ದು ನೆನಪಿದೆಯೇ? ಅತ್ತೆಯವರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ರೈತರ ಕಾಳುಕಡಿ ತೂಗಿ ಮಾರಿಸಿಕೊಡುವ ಆ ಅಡತಿ ಅಂಗಡಿಯನ್ನು ಮಗನ ಕೈಗಿಟ್ಟು ನೀವು ಪಡಸಾಲೆಯ ಕುರ್ಚಿ ಹಿಡಿದುಬಿಟ್ಟಿದ್ದಿರಿ. ಊಟಕ್ಕೆ ಕರೆದರೆ ಬರುತ್ತಿದ್ದಿರಿ, ಇಲ್ಲವಾದರೆ ಇಲ್ಲ. ಕುಷ್ಟಗಿಯ ಈ ಮನೆಯಲ್ಲಿ ಹಗಲೆಲ್ಲ ನಾವಿಬ್ಬರೇ, ಜೊತೆಗೆ ನಾಲ್ಕು ವರ್ಷದ ನಮ್ಮ ವಿನಾಯಕ. ಅವನು ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಅತ್ತು ಹಟ ಮಾಡಿದನೆಂದು ತಳ್ಳುಗಾಡಿಯವನ ಹತ್ತಿರ ನಾನೊಂದು ಕಾರ್ಟೂನು ಡಿಸ್ಕು ಕೊಂಡು ತಂದಿದ್ದೆ. ಅವನನ್ನು ನಿಮ್ಮ ತೊಡೆಯ ಮೇಲೆ ಕೂರಿಸಿ, ಡಿಸ್ಕು ಹಾಕಿ, ರೊಟ್ಟಿ ಬಡಿಯಲು ಒಳಗೆ ಹೋದೆ. ಸ್ವಲ್ಪ ಹೊತ್ತಿಗೆ ಯಾರೋ ಕೆಮ್ಮಿ ಕೆಮ್ಮಿ ಉಸಿರು ಸಿಕ್ಕಿಕೊಂಡಂತೆ ಸದ್ದು. ಹಿಟ್ಟಿನ ಕೈಯಲ್ಲೇ ನೀರಿನ ತಂಬಿಗೆ ಹಿಡಿದು ಓಡಿಬಂದೆ. ನಿಮ್ಮ ಭುಜಗಳು ಕುಣಿಯುತ್ತಿದ್ದವು, ಕಣ್ಣಲ್ಲಿ ನೀರು. ನನ್ನನ್ನು ನೋಡಿದ್ದೇ ತಡ, ಧೋತರದ ತುದಿಯಿಂದ ಮುಖ ಒರೆಸಿಕೊಂಡು, “ಏನಿಲ್ಲವಾ ಗಿರಿಜವ್ವ. ಹುಡುಗ ನಗಾಕತ್ತಿತ್ತು, ಅದಕ್ಕ…” ಎಂದಿರಿ. ಹುಡುಗ ನಿಮ್ಮ ತೊಡೆಯ ಮೇಲೆ ನಿದ್ದೆ ಹೋಗಿದ್ದ.

ಯಾವುದೋ ದೂರದ ದೇಶದವರು, ನೀವು ಹುಟ್ಟುವ ಮೊದಲೇ, ಕೈಯಿಂದ ಬರೆದು ಮಾಡಿದ ಪುಟ್ಟ ಪುಟ್ಟ ಚಿತ್ರಗಳವು. ಮಾತಿಲ್ಲ, ಬರೀ ವಾದ್ಯದ ಸದ್ದು. ಒಂದು ಸಣ್ಣ ರೈಲು ನಿಲ್ದಾಣ. ಅಲ್ಲಿ ಗಡ್ಡದ ಮೇಕೆಯೊಂದು ಸ್ಟೇಷನ್ ಮಾಸ್ತರ. ಪ್ರತಿ ಚಿತ್ರದಲ್ಲೂ ಒಂದು ಹೆಬ್ಬಾತು ಗಂಟುಮೂಟೆ ಹೊತ್ತು ಊರಿಗೆ ಹೊರಡುತ್ತದೆ, ಪ್ರತಿ ಸಲವೂ ಗಾಡಿ ತಪ್ಪಿಸಿಕೊಳ್ಳುತ್ತದೆ. ಇಷ್ಟೇ ಕತೆ. ಇದರಲ್ಲಿ ಏನಿತ್ತೆಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಸರಿಯಾಗಿ ಹೇಳಲಾರೆ. ನೀವಾದರೂ ಹೇಳುತ್ತಿದ್ದಿರೇ?

ವಿನಾಯಕ ಶಾಲೆಗೆ ಹೋಗತೊಡಗಿದ ಮೇಲೂ ನೀವು ಮಧ್ಯಾಹ್ನ ಡಿಸ್ಕು ಹಾಕುತ್ತಿದ್ದಿರಿ. “ಹುಡುಗ ಬರೋ ಹೊತ್ತಿಗೆ ಹಚ್ಚಿಟ್ಟಿರಬೇಕಲ್ಲ” ಎನ್ನುವುದು ನಿಮ್ಮ ನೆಪ. ಮೊರದಲ್ಲಿ ಶೇಂಗಾ ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಕೂತು ಸುಲಿಯುವುದು ನನ್ನ ನೆಪ. ಒಂದು ದಿನ ನೀವು ಹಿಂದಿರುಗಿ ನೋಡದೆಯೇ ಹೇಳಿದಿರಿ: “ಅಲ್ಲಿಂದ ಅರ್ಧ ಕಾಣತೈತಿ, ಅರ್ಧ ಕಾಣಂಗಿಲ್ಲ. ಒಳಗ ಬಂದು ಕುಂದ್ರವಾ.” ಮದುವೆಯಾಗಿ ಬಂದಾಗಿನಿಂದ ನಾನು ನಿಮ್ಮೆದುರು ಕೂತವಳೇ ಅಲ್ಲ. ಅಂದು ಗೋಡೆಗೆ ಒರಗಿ ಕೂತೆ, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಎಷ್ಟೋ ದಿನಗಳ ಮೇಲೆ ಸೆರಗೂ ಮರೆತುಹೋಯಿತು.

ನೀವು ಬೇರೆ ಮಾತು ಆಡುತ್ತಿರಲಿಲ್ಲ. ಆಡಿದ್ದೆಲ್ಲ ನೀವು ಬಾತವ್ವ ಎಂದು ಕರೆಯುತ್ತಿದ್ದ ಆ ಹೆಬ್ಬಾತಿನ ನೆಪದಲ್ಲೇ. “ನಿಮ್ಮತ್ತಿನೂ ಹಿಂಗ ನೋಡು. ಒಂದು ಬಸ್ಸಿಗೂ ವ್ಯಾಳ್ಯಾಕ್ಕ ಸರಿಯಾಗಿ ಹೊರಟಾಕಿ ಅಲ್ಲ. ಕಂಡಕ್ಟರನ ಕಾಲು ಹಿಡಿಯೋದೊಂದು ಬಾಕಿ ಇರತಿತ್ತು ನನಗ.” ನನಗೆ ತವರಿನ ನೆನಪಾದ ದಿನ ನೀವು ಅದನ್ನು ಹೇಗೆ ತಿಳಿಯುತ್ತಿದ್ದಿರೋ. “ಬಾತವ್ವ ಆನೆಗೊಂದಿಗೆ ಹೊಂಟಾಳೇನು ಇವತ್ತ?” ಎಂದು ಕೇಳುತ್ತಿದ್ದಿರಿ. ಸಂಜೆ ಇವರು ಅಂಗಡಿಯಿಂದ ಬರುತ್ತಲೇ, “ಗಿರಿಜವ್ವನ್ನ ಒಂದೆರಡು ದಿನ ಕಳಿಸು” ಎಂದು ಗಟ್ಟಿ ದನಿಯಲ್ಲಿ ಹೇಳಿಬಿಡುತ್ತಿದ್ದಿರಿ. ಅವರೆದುರು ನಿಮಗೆ ಇನ್ನೊಂದು ಮುಖ. ಆ ಮುಖವೇ ಊರಿಗೆಲ್ಲ ಗೊತ್ತಿದ್ದುದು.

ವಿನಾಯಕ ಗಂಗಾವತಿಯ ಹಾಸ್ಟೆಲಿಗೆ ಹೋಗುವ ಮೊದಲು ನನ್ನ ಫೋನಿನಲ್ಲಿ ಏನೋ ಮಾಡಿಕೊಟ್ಟ. “ಅವ್ವಾ, ನಿಮ್ಮ ಮೇಕಿ ಮಾಸ್ತರಗ ದೇಶದ ತುಂಬ ಹುಚ್ಚರು ಅದಾರ. ಅವರದೊಂದು ಗುಂಪೈತಿ, ನಿನ್ನ ಸೇರಿಸೀನಿ.” ಊಟವಾದ ಮೇಲೆ ನಾನು ಓದುವುದು, ನೀವು ಕಣ್ಣು ಮುಚ್ಚಿ ಕೇಳುವುದು. ಎಲ್ಲ ಚಿತ್ರಗಳನ್ನೂ ತೊಳೆದು ಹೊಸದು ಮಾಡಿ, ಡಿಸ್ಕುಗಳ ದೊಡ್ಡ ಡಬ್ಬಿಯಾಗಿ ಹೊರತರುತ್ತಾರೆ ಎಂಬ ಸುದ್ದಿ ಬಂದಾಗ ಅಲ್ಲಿ ಎಂಥ ಗದ್ದಲ! ನಮ್ಮ ಡಿಸ್ಕಿನಲ್ಲಿ ಇದ್ದದ್ದು ಬೆರಳೆಣಿಕೆಯ ಚಿತ್ರಗಳು. ನಾವು ಕಾಣದವೇ ರಾಶಿ ಇವೆಯೆಂದು ತಿಳಿದದ್ದೂ ಆಗಲೇ. ಬಣ್ಣ ಕೆಡಿಸುತ್ತಾರೆಂದು ಒಬ್ಬ, ಕತ್ತರಿ ಹಾಕುತ್ತಾರೆಂದು ಇನ್ನೊಬ್ಬ. ಯಾವಾಗಲೂ ಬೈಯುವ ಒಬ್ಬನಿಗೆ ನೀವು ‘ಸಿಟ್ಟಿನಾಂವ’ ಎಂದು ಹೆಸರಿಟ್ಟಿದ್ದಿರಿ. ಬೆಳಿಗ್ಗೆ ಚಹಾ ಕೊಡುವಾಗಲೇ ಕೇಳುತ್ತಿದ್ದಿರಿ, “ಸಿಟ್ಟಿನಾಂವ ಏನಂದ?” ಆ ಡಬ್ಬಿಯನ್ನು ತಾನಂತೂ ಮುಟ್ಟುವುದಿಲ್ಲ ಎಂದು ಅವನು ಬರೆದ ದಿನ ನೀವು ಕಣ್ಣು ತೆರೆಯದೆ ನಕ್ಕಿರಿ. “ನಾ ಎಷ್ಟು ಗಿರಾಕಿ ನೋಡೀನಿ. ಒಲ್ಲೆ ಒಲ್ಲೆ ಅನ್ನಾಂವನ ಎಲ್ಲಾರಗಿಂತ ಮೊದಲ ತಗೋತಾನ.”

ತೊಳೆಯುವ ಮೊದಲಿನ ಚಿತ್ರ ಮತ್ತು ತೊಳೆದ ಮೇಲಿನ ಚಿತ್ರ, ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೋ ಹಾಕಿದ್ದರು. ನೀವು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಿರಿ. “ಧೂಳು ತಗದಾರ, ಛಲೋ ಮಾಡ್ಯಾರ. ಆದರ ಗಡ್ಡದ ಕೂದಲಾ ಎಲ್ಲಿಗೆ ಹೋದುವು?” ಹೌದು, ತೊಳೆಯುವ ಭರದಲ್ಲಿ ಗಡ್ಡದ ಸಣ್ಣ ಸಣ್ಣ ಗೆರೆಗಳೂ ಅಳಿಸಿಹೋಗಿದ್ದವು. ಆದರೂ ವಿನಾಯಕ ನಿಮ್ಮ ಹೆಸರಿಗೇ ಒಂದು ಡಬ್ಬಿ ಹೇಳಿಟ್ಟ. ಬರಲು ಇನ್ನೂ ತಿಂಗಳುಗಟ್ಟಲೆ ಇತ್ತು. ನಮ್ಮೂರಿಗೆ ರೈಲು ಬಂದದ್ದೂ ಆ ದಿನಗಳಲ್ಲೇ ಅಲ್ಲವೇ? “ಕುಷ್ಟಗಿಗೆ ರೈಲು ಬಂತು. ಇನ್ನ ಬಾತವ್ವ ಹತ್ತೋದೊಂದು ಬಾಕಿ” ಎಂದಿರಿ. ಅದರ ಮುಂದಿನ ವಾರವೇ ಎದೆನೋವು ಎಂದಿರಿ. ಕೊಪ್ಪಳದ ಆಸ್ಪತ್ರೆಗೆ ಒಯ್ದರು, ಹಿಟ್ನಾಳದ ನಿಮ್ಮ ತಂಗಿಯೂ ಬಂದು ನೋಡಿಕೊಂಡು ಹೋದರು. ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ…

ನಿಮ್ಮನ್ನು ಕಳಿಸಿಕೊಟ್ಟ ಮೇಲೆ ಬಂದವರೆಲ್ಲ ಇವರ ಕೈ ಹಿಡಿದು ಕೂತರು. ಮಗನಿಗೆ ಅಪ್ಪ ಹೋದ, ಮೊಮ್ಮಗನಿಗೆ ಅಜ್ಜ ಹೋದ. ನನಗೆ ಯಾರು ಹೋದರು? ನಾನು ಬಂದವರಿಗೆ ಚಹಾ ಕೊಡುತ್ತಿದ್ದೆ. ಓಣಿಯ ಶಾಂತವ್ವ ಕಪ್ಪು ತೆಗೆದುಕೊಳ್ಳುತ್ತ ಮೆಲ್ಲಗೆ ಹೇಳಿದಳು, “ಇನ್ನ ನಿನಗೂ ಆರಾಮಾತು ಬಿಡವಾ. ಎಷ್ಟು ವರ್ಷ ಮಾಡಿದಿ ಮುದುಕರ ಚಾಕರಿ.” ಅವಳದು ಕೆಟ್ಟ ಮನಸ್ಸಲ್ಲ. ಕನಿಕರದಿಂದಲೇ ಹೇಳಿದಳು. ಒಳಗೆ ಹೋಗಿ ನೀರಿನ ನಲ್ಲಿ ಬಿಟ್ಟು ಪಾತ್ರೆ ತಿಕ್ಕಿದೆ.

ಡಬ್ಬಿ ಬಂದದ್ದು ನಿಮ್ಮ ಕಾರ್ಯಗಳೆಲ್ಲ ಮುಗಿದ ಮೇಲೆ. ಗೇಟಿನ ಹೊರಗೆ ನಿಂತ ಪಾರ್ಸೆಲ್ಲಿನವನು ನಿಮ್ಮ ಹೆಸರು ಕೂಗಿದ. ಆ ಹೆಸರನ್ನು ನಾನು ಬಾಯಿಂದ ಒಮ್ಮೆಯೂ ಹೇಳಿದವಳಲ್ಲ.

“ಅದಾರೇನ್ರಿ ಅವರು?” ಎಂದ.

“ನಮ್ಮ ಮಾವಾರ್ರಿ” ಎಂದೆ.

“ಮನ್ಯಾಗಿಲ್ಲೇನ್ರಿ?”

“ಇಲ್ರಿ. ನನ್ನ ಕೈಯಾಗ ಕೊಡ್ರಿ.”

ತಂದು ಟೀವಿಯ ಮೇಲಿನ ಹಲಗೆಯಲ್ಲಿ ಇಟ್ಟೆ. ತೆರೆಯಲು ಮನಸ್ಸಾಗಲಿಲ್ಲ. ಒಬ್ಬಳೇ ಕೂತು ಹೇಗೆ ನೋಡಲಿ? ನಿಮ್ಮ ಕೆಮ್ಮಿನಂಥ ನಗು ಮೊದಲು ಬರಬೇಕು, ಅದನ್ನು ಕೇಳಿ ನನಗೆ ಬರಬೇಕು. ಅದೇ ಅಭ್ಯಾಸವಾಗಿತ್ತಲ್ಲ.

ಗುಂಪಿನಲ್ಲಿ ಮಾತ್ರ ಜಾತ್ರೆ. ನೀವು ಹೇಳಿದಂತೆಯೇ ಆಯಿತು, ಮಾವನವರೇ. ಡಬ್ಬಿಯ ಪಟವನ್ನು ಎಲ್ಲರಿಗಿಂತ ಮೊದಲು ಹಾಕಿದವನು ಸಿಟ್ಟಿನಾಂವನೇ! ಹಾಕಿ ಬೈಯಲು ಶುರುಮಾಡಿದ. ಅವರ ಇಂಗ್ಲಿಷನ್ನು ನನ್ನ ಫೋನು ತನಗೆ ತಿಳಿದ ಕನ್ನಡಕ್ಕೆ ತರುತ್ತದಲ್ಲ: “ಮೇಕೆಯ ಗಡ್ಡವನ್ನು ಹಾಡಹಗಲೇ ಕೊಲೆ ಮಾಡಲಾಗಿದೆ.” ಇನ್ನೊಬ್ಬರು ಬಣ್ಣ ನೋಡಿ ಕುಣಿದಾಡಿದ್ದರು. ಚಿಕ್ಕಂದಿನಲ್ಲಿ ಮಸುಕಾಗಿ ನೋಡಿದ ಹಸಿರು ಧ್ವಜ ಇಷ್ಟು ಹಸಿರಾಗಿತ್ತೇ ಎಂದು ಒಬ್ಬ ಹೆಂಗಸು ಅತ್ತುಬಿಟ್ಟೆ ಎಂದು ಬರೆದಿದ್ದಳು. ವಾದ್ಯವನ್ನು ಹೊಸದಾಗಿ ನುಡಿಸಿದ್ದಾರೆ, ಅಲ್ಲ ಹಳೆಯದೇ ಎಂದು ಇಬ್ಬರು ವಾರಗಟ್ಟಲೆ ಜಗಳಾಡಿದರು. ನಾನು ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಓದಿ ಮುಗಿದ ಮೇಲೆ ಮನೆ ಸುಮ್ಮನಿರುತ್ತಿತ್ತು. ಫ್ಯಾನು ತಿರುಗುವುದಷ್ಟೇ ಕೇಳುತ್ತಿತ್ತು. ಒಂದು ದಿನ ತಡೆಯಲಾಗಲಿಲ್ಲ. ಕನ್ನಡದಲ್ಲೇ ಬರೆದೆ: “ನಮ್ಮ ಮಾವನವರು ಈ ಡಬ್ಬಿಗಾಗಿ ಕಾದಿದ್ದರು. ಬರುವ ಮೊದಲೇ ತೀರಿಕೊಂಡರು. ಮೇಕೆಯ ಗಡ್ಡ ಅವರಿಗೂ ಮೊದಲಿನಂತೆಯೇ ಬೇಕಾಗಿತ್ತು. ಅವರು ನಗುವಾಗ ಭುಜಗಳು ಕುಣಿಯುತ್ತಿದ್ದವು. ನಾನು ಅವರ ಸೊಸೆ. ಇನ್ನೂ ನೋಡಿಲ್ಲ.”

ಬರೆದು ಫೋನು ಬೋರಲು ಹಾಕಿ ರೊಟ್ಟಿಗೆ ಎಸರು ಇಟ್ಟೆ. ಬಂದು ನೋಡಿದರೆ ಕೈಮುಗಿದ ಗುರುತುಗಳು ಸಾಲಾಗಿ ಬಂದಿದ್ದವು. ಅವರು ಹೆಬ್ಬಾತಿಗೆ ಏನೆಂದು ಕರೆಯುತ್ತಿದ್ದರು ಎಂದು ಯಾರೋ ಕೇಳಿದ್ದರು. ಇನ್ನಾರೋ ಒಬ್ಬ, ಡಬ್ಬಿಗೆ ಸಂಬಂಧವಿಲ್ಲದ್ದನ್ನು ಇಲ್ಲಿ ಬರೆಯಬಾರದು ಎಂದಿದ್ದ. ಅವನ ಕೆಳಗೆ ಸಿಟ್ಟಿನಾಂವ ಬರೆದದ್ದು ಒಂದೇ ಸಾಲು: “ನೀನು ಸುಮ್ಮನಿರು. ಸಂಬಂಧ ಇರುವುದು ಇದೊಂದೇ.” ನೀವು ತೀರಿಕೊಂಡ ಮೇಲೆ, ನಿಮ್ಮನ್ನು ಕಳೆದುಕೊಂಡವಳು ನಾನೂ ಹೌದು ಎಂದು ಒಪ್ಪಿಕೊಂಡವನು ಅವನೊಬ್ಬ. ಅವನ ಮುಖವೂ ನನಗೆ ಗೊತ್ತಿಲ್ಲ. ಆಗ ನಾನು ಅತ್ತುಬಿಟ್ಟೆ, ಮಾವನವರೇ. ಅಲ್ಲಿಯವರೆಗೆ ಅತ್ತಿರಲಿಲ್ಲ.

ವಿನಾಯಕ ಹಾಸ್ಟೆಲಿನಲ್ಲಿ ಅದನ್ನು ಓದಿದನಂತೆ. ಓದಿ ತನ್ನ ಅಪ್ಪನಿಗೆ ಕಳಿಸಿದನಂತೆ. ಅಮಾವಾಸ್ಯೆಯ ದಿನ ಇವರು ಅಂಗಡಿಯ ಪೂಜೆ ಮುಗಿಸಿ ಬೇಗ ಮನೆಗೆ ಬಂದರು. ಕೈಕಾಲು ತೊಳೆಯಲಿಲ್ಲ, ತಟ್ಟೆ ಹಾಕು ಎನ್ನಲಿಲ್ಲ. ಬಾಗಿಲಲ್ಲಿ ನಿಂತೇ ಕೇಳಿದರು.

“ಅಪ್ಪಾರು ನಗತಿದ್ರೇನು?”

“ನಗತಿದ್ರು ರಿ.”

“ದಿನಾ?”

“ದಿನಾ.”

ಅವರು ಒಳಗೆ ಬಂದು ಕೂತರು. ಆಮೇಲೆ ಟೀವಿಯ ಕಡೆ ಕೈ ತೋರಿಸಿ, “ಹಚ್ಚು ನೋಡೋಣ” ಎಂದರು.

ಡಬ್ಬಿಯನ್ನು ಅವರೇ ಬಿಚ್ಚಿದರು. ಮೊದಲ ಚಿತ್ರ ಪೂರ್ತಿ ಮುಗಿದರೂ ಅವರ ಮುಖ ಅಲ್ಲಾಡಲಿಲ್ಲ. “ಇದರಾಗ ನಗೋದು ಏನೈತಿ?” ಎಂದರು. ನನಗೆ ಬೇಸರವಾಗಲಿಲ್ಲ. ಅವರ ದನಿಯಲ್ಲಿ ಹೀಯಾಳಿಕೆ ಇರಲಿಲ್ಲ, ಏನನ್ನೋ ಹುಡುಕಿ ಸಿಗದವರ ದನಿ ಅದು. “ಎಲ್ಲಿ ನಗತಿದ್ರು, ಅದನ್ನರ ಹೇಳು” ಎಂದರು. ಎರಡನೆಯ ಚಿತ್ರ ನೀವೂ ನಾನೂ ಸಾವಿರ ಸಲ ನೋಡಿದ್ದೇ. ಮಾಸ್ತರ ತನ್ನ ಗಡ್ಡವನ್ನೇ ಧ್ವಜ ಎಂದು ತಿಳಿದು ಬೀಸಿದಾಗ “ಇಲ್ಲಿ” ಎಂದೆ. ಬಾತವ್ವ ಗಂಟು ಮರೆತು ಹಿಂದಕ್ಕೆ ಓಡಿದಾಗ “ಇಲ್ಲಿ” ಎಂದೆ. ಅವರು ಮುಂದಕ್ಕೆ ಬಾಗಿ ಆ ಜಾಗಗಳನ್ನು ಕಣ್ಣು ಮಿಟುಕಿಸದೆ ನೋಡಿದರು. ಆ ಗೆರೆಗಳ ಹಿಂದೆ ಎಲ್ಲೋ ನೀವು ಕೂತಿರುವಂತೆ. ಗಡ್ಡವೇನೋ ಬೆಣ್ಣೆ ಸವರಿದಂತೆ ನುಣ್ಣಗಾಗಿತ್ತು. ಸಿಟ್ಟಿನಾಂವ ಹೇಳಿದ್ದು ಖರೆ.

ಮೂರನೆಯದು ಹೊಸದು. ನಾವು ಕಾಣದೇ ಇದ್ದದ್ದು. ಬಾತವ್ವನ ಗಂಟನ್ನು ಮಾಸ್ತರ ತಕ್ಕಡಿಗೆ ಹಾಕುತ್ತಾನೆ, ಭಾರ ಜಾಸ್ತಿ ತೋರಲಿ ಎಂದು ಮೆಲ್ಲಗೆ ತನ್ನ ಗಡ್ಡವನ್ನೂ ತಕ್ಕಡಿಯಲ್ಲಿಡುತ್ತಾನೆ. ಇವರು ನನ್ನ ಕಡೆ ತಿರುಗಿದರು. “ಇಲ್ಲಿ?”

ನನಗೇನು ಗೊತ್ತು? ನೀವು ಇದನ್ನು ನೋಡಲೇ ಇಲ್ಲವಲ್ಲ. ಆದರೂ ಹೇಳಿದೆ, “ಇಲ್ಲಿ ಭಾಳ ನಗತಿದ್ರು.”

“ಸಾಧ್ಯನ ಇಲ್ಲ. ತಕ್ಕಡಿ ವಿಷಯದಾಗ ಅಪ್ಪಾರು ನಗೋ ಮನಷ್ಯಾ ಅಲ್ಲ. ಒಮ್ಮೆ ತೂಕದ ಕಲ್ಲು ಸರಿಯಾಗಿ ಇಡಲಿಲ್ಲಂತ ಗಿರಾಕಿ ಮುಂದ ನನ್ನ ಕಪಾಳಕ್ಕ ಹೊಡದಾರ.”

“ಅದು ಅಂಗಡ್ಯಾಗ ರಿ. ಮನ್ಯಾಗ ನಗತಿದ್ರು.”

“ನನಗಿಂತ ನಿನಗ ಹೆಚ್ಚು ಗೊತ್ತೈತೇನು ಅವರ ಬಗ್ಗೆ?”

“ಇಷ್ಟರ ಮಟ್ಟಿಗೆ ಗೊತ್ತೈತಿ ರಿ.”

ಇವರು ಆ ಜಾಗವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದರು. ಇಲ್ಲ, ನಗುತ್ತಿರಲಿಲ್ಲ ಎಂದರು. ನಾನು ಬಿಟ್ಟುಕೊಡಲಿಲ್ಲ. ಊಟ ಆರಿ ತಣ್ಣಗಾಯಿತು, ನಮ್ಮ ವಾದ ನಿಲ್ಲಲಿಲ್ಲ. ಮದುವೆಯಾದಾಗಿನಿಂದ ನಾವಿಬ್ಬರೂ ಅಂಗಡಿ, ಸಂತೆ, ಮಗನ ಓದು ಬಿಟ್ಟು ಬೇರೊಂದರ ಬಗ್ಗೆ ಇಷ್ಟು ಹೊತ್ತು ಮಾತಾಡಿದ್ದು ನನಗಂತೂ ನೆನಪಿಲ್ಲ.

ಮಧ್ಯಾಹ್ನಗಳು ಈಗಲೂ ಹಾಗೇ ಇವೆ, ಮಾವನವರೇ. ಅವನ್ನು ಯಾರೂ ತುಂಬಲಾರರು. ಆದರೆ ನೀವು ಕಾಣದ ಚಿತ್ರಗಳು ಡಬ್ಬಿಯಲ್ಲಿ ಇನ್ನೂ ಬಹಳ ಉಳಿದಿವೆ. ಮುಂದಿನ ಅಮಾವಾಸ್ಯೆಗೂ ಬೇಗ ಬರುತ್ತೇನೆಂದು ಇವರು ಹೇಳಿದ್ದಾರೆ. ಒಂದೊಂದರಲ್ಲೂ ನೀವು ಎಲ್ಲಿ ನಗುತ್ತಿದ್ದಿರಿ ಎಂದು ನಾವು ಜಗಳಾಡುತ್ತೇವೆ. ತಕ್ಕಡಿಯ ವಿಷಯದಲ್ಲಿ ಮಾತ್ರ ನಾನು ಸೋಲುವವಳಲ್ಲ. ನೀವು ನಗುತ್ತಿದ್ದಿರಿ.

ನಿಮ್ಮ ಸೊಸೆ,
ಗಿರಿಜಾ